ಹೊಟ್ಟೆ ಸೀಳದ ದ

ನಮ್ಮೂರಿನಲ್ಲಿ ಕಾಗುಣಿತ ಸರಿಯಿರುವ ಬಾಗಿಲು ಒಂದೂ ಇಲ್ಲ. ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಹಳೇ ಕ್ವಾರಿಯ ತನಕ ಯಾವ ಬೀದಿಯಲ್ಲಿ ಬೇಕಾದರೂ ನಡೆಯಿರಿ, ಪ್ರತಿ ಬಾಗಿಲ ಚೌಕಟ್ಟಿನ ಮೇಲೂ ಆ ಮನೆಯವರ ಹೆಸರುಗಳು ಸಾಲಾಗಿ ಇರುತ್ತವೆ, ಒಂದೊಂದರಲ್ಲೂ ಒಂದು ತಪ್ಪು. ಗೋವಿಂದಯ್ಯ ಕೋವಿಂದಯ್ಯನಾಗಿದ್ದಾನೆ, ರುಕ್ಮಿಣಿ ಲುಕ್ಮಿಣಿ. ಈ ಊರಿನ ಶಾಲೆಯಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ನನ್ನ ಹೆಸರು ಕುಸುಮ, ನಮ್ಮ ಬಾಗಿಲ ಮೇಲೆ ಕುಶುಮ ಎಂದಿದೆ. ಆ ಶಕಾರದ ಕೆಳಗೆ ಮೂರು ವರ್ಷದವಳಿದ್ದಾಗಿನಿಂದ ಓಡಾಡುತ್ತಿದ್ದೇನೆ. ಈಗಲೂ ಕಣ್ಣೆತ್ತಿ ನೋಡಿದರೆ ಕೈ ಕೆಂಪು ಶಾಯಿ ಹುಡುಕುತ್ತದೆ.

ಹೊತ್ತು ನೆತ್ತಿಗೆ ಬಂದಾಗ ಕ್ವಾರಿಯಿಂದ ಕರೆ ಬರುತ್ತದೆ. ದಿನಾ ಬರುವುದಿಲ್ಲ, ಇಂಥ ದಿನ ಬರುತ್ತದೆಂದೂ ಹೇಳುವಂತಿಲ್ಲ. ಬಂದಾಗ ಒಂದೇ ಹೆಸರು, ಮೂರು ಸಲ. ಓ ಎಂದವರು ಎದ್ದು ನಡೆದು ಕ್ವಾರಿಗೆ ಇಳಿಯುತ್ತಾರೆ, ಮತ್ತೆ ಬರುವುದಿಲ್ಲ. ಓ ಎನ್ನದಿದ್ದರೆ ಏನೂ ಆಗುವುದಿಲ್ಲ, ಕೈ ತೊಳೆದು ಊಟಕ್ಕೆ ಕೂರಬಹುದು. ಬಾಗಿಲ ಮೇಲೆ ಏನಿದೆಯೋ ಅದನ್ನೇ ಅದು ಓದುತ್ತದೆ, ಒಂದಕ್ಷರ ಹೆಚ್ಚಿಲ್ಲ, ಒಂದು ಕೊಂಬು ಕಡಿಮೆಯಿಲ್ಲ. ಆದ್ದರಿಂದಲೇ ನಾವು ತಪ್ಪು ಬರೆಸುತ್ತೇವೆ. ತನ್ನದಲ್ಲದ ಹೆಸರಿಗೆ ಯಾವ ನಾಲಿಗೆಯೂ ತಾನಾಗಿ ಓ ಎನ್ನುವುದಿಲ್ಲ. ಹಾಗೆಂದು ರುಕ್ಮಿಣಿಗೆ ತಿಮ್ಮಕ್ಕ ಎಂದು ಬರೆಸಿ ಪಾರಾಗುವ ಹಾಗೂ ಇಲ್ಲ. ಹೆಸರಿಲ್ಲದ ಮಗುವನ್ನೂ ಸುಳ್ಳು ಹೆಸರಿನ ಮಗುವನ್ನೂ ಅದು "ಮಗೂ" ಎಂದು ಕರೆಯುತ್ತದೆ. ಆ ಕರೆಗೆ ಓಗೊಡದ ಮಗು ಯಾವುದಿದೆ? ಇನ್ನು ಒಮ್ಮೆ ಬರೆದದ್ದನ್ನು ಕೆರೆದು ಬೇರೆ ಬರೆಸಿದರೆ ಅದು ಎರಡನ್ನೂ ಓದುತ್ತದೆ. ಹಾಗಾಗಿ ಹೆಸರಿಡುವುದು ಬೇರೆ ಊರಿನಲ್ಲಿ ಸಂಭ್ರಮ, ನಮ್ಮೂರಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಮಾಡುವ ಕೆಲಸ.

ದೊಡ್ಡವರು ಹೇಗೋ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ನನ್ನನ್ನು ಒಮ್ಮೆ ಕರೆದಿತ್ತು, ಕುಶುಮಾ ಎಂದು. ಹೆದರಿಕೆಗಿಂತ ಮೊದಲು ನನಗೆ ಸಿಟ್ಟು ಬಂತು. ಕಷ್ಟವಿರುವುದು ಮಕ್ಕಳದು. ಅದಕ್ಕೇ ಮಧ್ಯಾಹ್ನ ಹಿಟ್ಟಿನ ಗಿರಣಿಯವನು ಧಾನ್ಯ ಇರಲಿ ಬಿಡಲಿ ಗಿರಣಿ ಓಡಿಸುತ್ತಾನೆ, ಮನೆಮನೆಯಲ್ಲಿ ಮಿಕ್ಸಿ ತಿರುಗುತ್ತದೆ, ಶಾಲೆಯಲ್ಲಿ ಗಂಟಲು ಹರಿಯುವ ಹಾಗೆ ಮಗ್ಗಿ ಹೇಳಿಸುತ್ತೇವೆ. ಹಾಜರಿಯನ್ನು ನಾವು ಹೆಸರು ಹಿಡಿದು ಕೂಗುವುದಿಲ್ಲ, ನಂಬರು ಕೂಗುತ್ತೇವೆ.

ಆದರೂ ಗೌರಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಅವಳು ನನ್ನ ಎರಡನೇ ತರಗತಿಯ ಹುಡುಗಿ, ಅವರ ಮನೆಯವರು ಊರಿಗೆ ಹೊಸಬರು. ನಮ್ಮ ಪದ್ಧತಿಯನ್ನು ಯಾರಾದರೂ ಹೇಳುವಷ್ಟರಲ್ಲಿ ಅವಳಪ್ಪ ಬಾಗಿಲ ಮೇಲೆ ಚೆಂದವಾಗಿ ಗೌರಿ ಎಂದೇ ಬರೆಸಿಬಿಟ್ಟಿದ್ದ. ಏಳರ ಮಗ್ಗಿಯ ಗದ್ದಲದ ನಡುವೆ ಕರೆ ಬಂತು, ಅವಳು ಓ ಎಂದು ಎದ್ದು ನಿಂತಳು. ನಾನು ತೋಳು ಹಿಡಿದುಕೊಂಡೆ. ಬೆರಳು ಗಾತ್ರದ ಆ ತೋಳು ನನ್ನನ್ನೂ ಬಾಗಿಲ ತನಕ ಎಳೆದುಕೊಂಡು ಹೋಯಿತು. ಕಾಲು ಮಾತ್ರ ಅವಳದಾಗಿರಲಿಲ್ಲ, ಬಾಯಿ ಅವಳದೇ ಆಗಿತ್ತು. "ಏಳೇಳ್ಲಿ ನಲವತ್ತೊಂಬತ್ತು, ಮಿಸ್" ಎನ್ನುತ್ತಲೇ ಕೈ ಬಿಡಿಸಿಕೊಂಡು ಇಳಿಜಾರಿನಲ್ಲಿ ಹೋದಳು. ಅವತ್ತಿನಿಂದ ಮಧ್ಯಾಹ್ನ ನಾನು ತರಗತಿಯ ಬಾಗಿಲಿಗೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ.

ನನ್ನ ತಮ್ಮ ನೇಮಣ್ಣನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗಳು ಧವಳಾ. ನಾನು ಮದುವೆಯಾಗಲಿಲ್ಲ, ಅವರ ಜೊತೆಗೇ ಇದ್ದೇನೆ. ತೊಟ್ಟಿಲಿಗೆ ಹಾಕಿದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದೆ. ಮಗು ನಮ್ಮಪ್ಪನ ಹಾಗೆ ಎಣ್ಣೆಗಪ್ಪು, ಹೆಸರಿನ ಅರ್ಥ ಬೆಳ್ಳಗಿನವಳು. ಪಕ್ಕದ ಮನೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗಲಿ, ಎಷ್ಟು ತುಂಬಿದ ಹೆಸರು ಎಂದು ನಾನು ಬೀಗಿದೆ. ಹಾಗೆ ಬೀಗಿದರೂ ಮುದ್ದಿಗೆ ನಾನು ಅವಳನ್ನು ಕರೆಯುತ್ತಿದ್ದದ್ದು ಕೂಸೇ ಎಂದು. ಹೆಸರು ಹಿಡಿದು ಕರೆಯುವುದೆಲ್ಲ ಅವರಪ್ಪ ಅಮ್ಮನ ಪಾಲಿಗೆ ಬಿಟ್ಟಿದ್ದೆ.

ಮೂರು ತುಂಬುವವರೆಗೆ ಅದು ಯಾರನ್ನೂ ಕರೆಯುವುದಿಲ್ಲ. ಮೂರು ತುಂಬಿದ ದಿನ ಬೆಳಿಗ್ಗೆಯೇ ಹೆಸರು ಬಾಗಿಲೇರಬೇಕು. ಬೋರ್ಡು ಬರೆಯುವ ತಿಪ್ಪೇಶಿ ಬಂದು ಸ್ಟೂಲು ಹತ್ತಿ ನಿಂತ. ನೇಮಣ್ಣ ಸೈಕಲ್ ಅಂಗಡಿ ತೆರೆಯದೆ ಮನೆಯಲ್ಲೇ ಉಳಿದಿದ್ದ. ಅವನ ಹೆಂಡತಿ ಕನಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊಸಿಲ ಮೇಲೆ ನಿಂತಿದ್ದಳು. ಮೂವರಿಗೂ ರಾತ್ರಿ ನಿದ್ದೆಯಿರಲಿಲ್ಲ.

"ಅಕ್ಕ, ಡಬ್ಬದ ಡ ಹಾಕ್ಸಿಬಿಡಾಣ. ಡವಳಾ. ಕಿವಿಗೆ ಬಿದ್ರೆ ಮಗು ತಿರುಗೀನೂ ನೋಡಲ್ಲ" ಎಂದ ನೇಮಣ್ಣ.

"ನಾಳೆ ಶಾಲೆಗೆ ಹೋದ್ರೆ ಹುಡುಗ್ರು ಡಬ್ಬಿ ಅಂತ ಬಡೀತಾರೆ. ಹೆಣ್ಣುಮಗು ಕಣೋ" ಎಂದೆ.

"ಆಡ್ಕೊಂಡ್ರೆ ಆಡ್ಕೊಳ್ಳಿ ಬಿಡಕ್ಕ, ಇರ್ತಾಳಲ್ಲ."

ಆ ಮಾತಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಕನಕನಿಗೂ ಡಕಾರ ಹಿಡಿಸಲಿಲ್ಲ. "ಅತ್ತಿಗೆ, ಕೊನೇದು ಲ ಮಾಡಿದ್ರೆ? ದವಲಾ. ಕೇಳಾಕೂ ಮೃದುವಾಗೈತೆ" ಎಂದಳು.

ನಾನು ಮಗುವಿನ ಗಲ್ಲ ಹಿಡಿದು, "ಕೂಸೇ, ನಿನ್ನ ಹೆಸ್ರೇನು?" ಎಂದೆ.

"ದವಲಾ" ಎಂದಿತು ಮಗು.

"ಕೇಳಿದ್ಯಾ? ಅವಳಿಗೆ ಇನ್ನೂ ಳ ತಿರುಗಲ್ಲ. ತನ್ನನ್ನ ತಾನು ಹೆಂಗ್ ಕರ್ಕೊಳ್ತಾಳೋ ಅದನ್ನೇ ಬರ್ಸಿದ್ರೆ ತಟ್ಟೇಲಿಟ್ಟು ಕೊಟ್ಟಂಗೆ" ಎಂದೆ. ಕನಕ ಮಗುವನ್ನು ಎದೆಗೆ ಒತ್ತಿಕೊಂಡಳು. ಎಷ್ಟು ದೊಡ್ಡ ಅಪಾಯ ತಪ್ಪಿಸಿದೆ ಎಂದು ನನಗೆ ನನ್ನ ಮೇಲೇ ಮೆಚ್ಚುಗೆ ಬಂತು.

"ಟೀಚರಮ್ಮ, ಬೇಗ ಹೇಳ್ರಿ, ಬಣ್ಣ ಆರ್ತೈತೆ" ಎಂದ ತಿಪ್ಪೇಶಿ.

ಆಗ ನಾನು ಹೇಳಿದೆ: "ಧ ಬರೀಬೇಡ. ಹೊಟ್ಟೆ ಸೀಳೋದು ಬಿಟ್ಟುಬಿಡು. ಬರೀ ದ."

ಮಹಾಪ್ರಾಣಕ್ಕೆ ಹೊಟ್ಟೆ ಸೀಳುವುದು ಎಂದೇ ನಾವು ಮಕ್ಕಳಿಗೆ ಹೇಳಿಕೊಡುವುದು. ಆ ಒಂದು ಗೀರು ಇಲ್ಲದಿದ್ದರೆ ಧನ ಹೋಗಿ ದನ ಬರುತ್ತದೆ. ನನ್ನ ಕಿವಿಗೆ ದವಳಾ ಎನ್ನುವುದು ಅನ್ನದಲ್ಲಿ ಸಿಕ್ಕ ಕಲ್ಲು. ಇದಕ್ಕಿಂತ ದೊಡ್ಡ ತಪ್ಪು ಬೇಕೆ? ನೋಡುವವರಿಗೆ ಹೆಸರು ಹೆಸರಿನ ಹಾಗೇ ಇರುತ್ತದೆ, ಯಾರೂ ಆಡಿಕೊಳ್ಳುವುದಿಲ್ಲ, ಕರೆ ಬಂದರೆ ಮಗುವಿಗೆ ಅದು ತನ್ನದೆನಿಸುವುದಿಲ್ಲ.

"ಎರಡೂ ಒಂದೇ ತರ ಕೇಳ್ಸುತ್ತಲ್ಲ ಅತ್ತಿಗೆ" ಎಂದಳು ಕನಕ, ಹೆದರುತ್ತಾ.

"ನಿನ್ನ ಕಿವಿಗೆ ಕೇಳ್ಸುತ್ತೆ" ಎಂದು ಬಾಯಿ ಮುಚ್ಚಿಸಿದೆ. ತಿಪ್ಪೇಶಿ ಕೆಂಪು ಬಣ್ಣದಲ್ಲಿ ದುಂಡಗೆ ದವಳಾ ಎಂದು ಬರೆದು, ಕಾಫಿ ಕುಡಿದು ಹೋದ.

ಆಮೇಲೆ ಎರಡು ಮೂರು ಸಲ ಕರೆ ಬಂತು, ಬೇರೆ ಬೇರೆ ಬೀದಿಯವರದು. ಬಳೆ ಅಂಗಡಿಯ ಮುದುಕನೊಬ್ಬ ನಿದ್ದೆಗಣ್ಣಿನಲ್ಲಿ ಓಗೊಟ್ಟು ಹೋದ. ನಮ್ಮ ಮನೆಯಲ್ಲಿ ಊಟ ನಿದ್ದೆ ಮೊದಲಿನಂತಾದವು. ಮಗುವಿಗೆ ಳ ಕೂಡ ತಿರುಗತೊಡಗಿತು, ಬಾಳೆಹಣ್ಣು ಬಾಳೆಹಣ್ಣೇ ಆಯಿತು.

ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಯಾವನೋ ಧೈರ್ಯ ಎಂಬುದನ್ನು ದೈರ್ಯ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅದರ ಹೊಟ್ಟೆ ಸೀಳುತ್ತಿದ್ದೆ. ಹಿತ್ತಲಿನಿಂದ ಕನಕ ಕೂಗಿದಳು: "ದವಳಾ! ಬಾರೇ, ನೀರು ಆರೋಯ್ತವೆ."

"ಓ" ಎಂದು ಮಗು ನನ್ನ ಪಕ್ಕದಿಂದಲೇ ಎದ್ದು ಓಡಿತು.

ನನ್ನ ಪೆನ್ನು ಅಲ್ಲೇ ನಿಂತಿತು. ಮೂರು ವರ್ಷದಿಂದ ಕನಕ ಹೀಗೇ ಕರೆಯುತ್ತಿದ್ದಳು, ನೇಮಣ್ಣ ಹೀಗೇ ಕರೆಯುತ್ತಿದ್ದ, ಇಡೀ ಬೀದಿ ಹೀಗೇ ಕರೆಯುತ್ತಿತ್ತು. ಧವಳಾ ಎಂದು ಯಾರೂ ಯಾವತ್ತೂ ಕರೆದಿರಲಿಲ್ಲ. ನಮ್ಮೂರಿನ ಬಾಯಿಗೆ ಮಹಾಪ್ರಾಣವೆಲ್ಲಿದೆ? ಬಾರತ, ದರ್ಮ, ಕತೆ, ಎಲ್ಲವೂ ಹೊಟ್ಟೆ ಸೀಳದವೇ. ಕೇಳಿ ಕೇಳಿ ನನ್ನ ಕಿವಿ ತಾನಾಗಿಯೇ ತಿದ್ದಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಅವರು ದ ಎಂದರೆ ನನಗೆ ಧ ಎಂದು ಕೇಳಿಸುತ್ತಿತ್ತು. ಅಮ್ಮ ಕರೆಯುವ ಹೆಸರನ್ನೇ, ಒಂದಿಷ್ಟೂ ತಪ್ಪಿಲ್ಲದೆ, ದುಂಡಗೆ ಬಾಗಿಲ ಮೇಲೆ ಬರೆಸಿ ಇಟ್ಟಿದ್ದೆ.

ಹೇಳದೆ ಇರಲಾಗಲಿಲ್ಲ, ಹೇಳಿದೆ. ನೇಮಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಕನಕ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಕೆರೆಸಿಬಿಡಾಣ?" ಎಂದಳು. "ಕೆರೆಸಿದ್ರೆ ಎರಡೂ ಓದುತ್ತೆ" ಎಂದ ನೇಮಣ್ಣ. ಬರೆದದ್ದನ್ನು ಬದಲಿಸುವಂತಿಲ್ಲ, ಸರಿ, ಕರೆಯುವುದನ್ನು ಬದಲಿಸೋಣ ಎಂದೆ ನಾನು. ಇಡೀ ಮನೆ ಮಗುವನ್ನು ಧವಳಾ ಎಂದು ಕರೆದರೆ, ಮಗು ಅದೇ ತನ್ನ ಹೆಸರೆಂದು ತಿಳಿದರೆ, ದವಳಾ ಪರರದಾಗುತ್ತದೆ. ಕಲಿಸುವುದು ನನಗೆ ಬರುತ್ತದೆ. ನನಗೆ ಬರುವುದು ಅದೊಂದೇ.

ಅಂದಿನಿಂದ ನಮ್ಮ ನಡುಮನೆ ಒಂದನೇ ತರಗತಿಯಾಯಿತು. ಅಂಗೈ ಮೇಲೆ ಚಿಟಿಕೆ ರಾಗಿ ಹಿಟ್ಟು ಹಾಕಿ, ಬಾಯಿಗೆ ಹತ್ತಿರ ಹಿಡಿದು ಹೇಳಿಸಿದೆ. ದ ಎಂದರೆ ಹಿಟ್ಟು ಅಲ್ಲೇ ಇರುತ್ತದೆ, ಧ ಎಂದರೆ ಹಾರುತ್ತದೆ. ನೇಮಣ್ಣ ಮೊದಮೊದಲು ದಹವಳಾ ಎನ್ನುತ್ತಿದ್ದ, ಉಸಿರು ಹೆಚ್ಚಾಗಿ ಕೆಮ್ಮುತ್ತಿದ್ದ. ಮೀಸೆಯೆಲ್ಲ ಹಿಟ್ಟು. ಕನಕ ಒಲೆಯ ಮುಂದೆ, ಬಾವಿಯ ಹತ್ತಿರ, ಬಟ್ಟೆ ಒಗೆಯುವಾಗ ಧ ಧ ಧ ಎನ್ನುತ್ತಲೇ ಇರುತ್ತಿದ್ದಳು. ನಡುವೆ ಮರೆತು ದವಳಾ ಎಂದುಬಿಟ್ಟರೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಆದರೂ ಬಿಡಲಿಲ್ಲ.

ಎಲ್ಲರಿಗಿಂತ ಬೇಗ ಕಲಿತದ್ದು ಮಗು. ಅದಕ್ಕೆ ಇದೊಂದು ಆಟ. ಹಿಟ್ಟು ಹಾರಿಸಿ ಹಾರಿಸಿ ನಗುತ್ತಿತ್ತು. ಒಂದು ಸಂಜೆ ಅಂಗಡಿಯಿಂದ ದಣಿದು ಬಂದ ನೇಮಣ್ಣ ಮರೆತು, "ದವಳಾ, ನೀರು ತಾ" ಎಂದ. ಮಗು ಅಲ್ಲಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಥೇಟ್ ನನ್ನ ಹಾಗೆ, "ದವಳಾ ಅಲ್ಲಪ್ಪ, ಧವಳಾ" ಎಂದಿತು. ನಾವು ಮೂವರೂ ನಕ್ಕುಬಿಟ್ಟೆವು. ಎಷ್ಟೋ ದಿನದ ಮೇಲೆ ನಕ್ಕಿದ್ದು. ನಾನು ಅವಳನ್ನು ಎತ್ತಿಕೊಂಡು ಶಹಬ್ಬಾಸ್ ಎಂದೆ, ಬೆಲ್ಲದ ಚೂರು ಕೊಟ್ಟೆ. ಆಮೇಲೆ ಅವಳು ಬೀದಿಯವರನ್ನೆಲ್ಲ ತಿದ್ದತೊಡಗಿದಳು, ಹಾಲಿನವನನ್ನೂ ಬಿಡಲಿಲ್ಲ. ತಿದ್ದಿದಾಗಲೆಲ್ಲ ನನ್ನ ಕಡೆ ತಿರುಗಿ ನೋಡುವಳು. ನಾನು ತಲೆದೂಗುವೆ. ದವಳಾ ಎಂದರೆ ಓ ಎನ್ನುವುದು ನಿಂತೇ ಹೋಯಿತು. ಗೆದ್ದೆವು ಎಂದುಕೊಂಡೆ.

ಇವತ್ತು ಶಾಲೆಗೆ ರಜೆ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಮಿಕ್ಸಿ ಇಲ್ಲ, ರೇಡಿಯೋ ಇಲ್ಲ, ಗಿರಣಿಯೂ ನಿಂತಿತ್ತು. ಹೊತ್ತು ಏರಿದ ಹಾಗೆ ಊರು ಬಾಗಿಲು ಹಾಕಿಕೊಂಡು ಕೂತಿತು. ನಾವು ನಡುಮನೆಯಲ್ಲಿದ್ದೆವು. ಮಗು ನನ್ನ ತೊಡೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿತ್ತು. ಕನಕ ಕಿಟಕಿ ಮುಚ್ಚಲು ಎದ್ದಳು, ಅಷ್ಟರಲ್ಲಿ ಕರೆ ಬಂತು.

ಅದು ಓದುವುದು ಅಕ್ಷರ ಕೂಡಿಸಿ ಓದುವ ಮಗುವಿನ ಹಾಗೆ. "ದ...ವ...ಳಾ" ಎಂದಿತು. ಕನಕ ನಿಂತಲ್ಲೇ ಕಲ್ಲಾದಳು. ನಾನು ಮಗುವಿನ ಮುಖ ನೋಡಿದೆ. ಮಗು ಕಾಯಿ ಬಿಡಿಸುತ್ತಲೇ ಇತ್ತು. ಎರಡನೇ ಸಲ, "ದವಳಾ." ಮಗು ತಲೆಯೆತ್ತಿತು, ಓ ಎನ್ನಲಿಲ್ಲ. ಇನ್ನೊಂದೇ ಒಂದು ಸಲ ದೇವರೇ ಎಂದುಕೊಂಡು ನಾನು ಅವಳ ಬಾಯಿಗೆ ಕೈ ಒಯ್ದೆ. ಮೂರನೇ ಸಲ ದವಳಾ ಎಂದಿತು. ನನ್ನ ಕೈ ತಲುಪುವುದರೊಳಗೆ ಮಗು ಕಿಟಕಿಯ ಕಡೆ ತಿರುಗಿ, ಬೇಸರದಿಂದ, ಗಟ್ಟಿಯಾಗಿ ಹೇಳಿತು: "ದವಳಾ ಅಲ್ಲ, ಧವಳಾ!"

ಹೇಳಿ ನನ್ನ ಕಡೆ ನೋಡಿತು, ಶಹಬ್ಬಾಸಿಗೆ.

ಕ್ವಾರಿ ಸುಮ್ಮನಾಯಿತು. ಮೂರು ಸಲ ಕರೆದ ಮೇಲೆ ಅದು ಯಾವತ್ತೂ ನಾಲ್ಕನೆಯ ಸಲ ಕರೆದದ್ದಿಲ್ಲ. ಕನಕ ಅಳಲು ಶುರುಮಾಡಿದಳು, ಕಂಟಕ ಕಳೆಯಿತು ಎಂದು. ಆಗ ದೂರದಿಂದ ಯಾರೋ ಹೇಳಿ ನೋಡುತ್ತಿರುವ ಹಾಗೆ ಕೇಳಿಸಿತು. ದ. ದ. ದಹ. ಅದು ಕಲಿಯುತ್ತಿತ್ತು. ಆಮೇಲೆ ಬಂತು, "ಧವಳಾ." ಎಷ್ಟು ಸ್ವಚ್ಛ, ಎದೆಯಾಳದಿಂದ ಎಷ್ಟು ತುಂಬಿದ ಧಕಾರ! ನನ್ನ ಯಾವ ಶಿಷ್ಯನೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಮೆಚ್ಚುಗೆಯಾಯಿತು. ಆ ಉಸಿರು ಕಿಟಕಿಯಿಂದ ಒಳಗೆ ಬಂದು ಮಗುವಿನ ಹಣೆಗೂದಲನ್ನು ಅಲ್ಲಾಡಿಸಿತು. ಮಗುವಿನ ಮುಖ ಅರಳಿತು. ತಿದ್ದಿಸಿಕೊಂಡವರು ಸರಿಯಾಗಿ ಹೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಅವಳ ತುಟಿಗಳು ದುಂಡಗಾದವು.

"ಓ" ಎಂದೆ ನಾನು.

ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ, ಅವಳಿಗಿಂತ ಮೊದಲು ಎಂದೆ. ಬೇರೆಯವರ ಹೆಸರಿಗೆ ಓಗೊಟ್ಟವರು ನಮ್ಮೂರಿನಲ್ಲಿ ಯಾರೂ ಇಲ್ಲ. ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗುವನ್ನು ತೊಡೆಯಿಂದ ಇಳಿಸಿದ್ದು ನಾನು, ಎದ್ದು ನಿಂತದ್ದು ನಾನಲ್ಲ. ಕಾಲುಗಳು ತಾವಾಗಿ ಹೊಸಿಲು ದಾಟಿದವು.

"ಅತ್ತೆ! ಅದು ನನ್ನ್ ಹೆಸ್ರು! ನೀನ್ಯಾಕೆ ಓ ಅಂದೆ?" ಎಂದು ಮಗು ಹಿಂದಿನಿಂದ ಜಗಳ ತೆಗೆಯಿತು.

ಈಗ ಇಳಿಜಾರು ಶುರುವಾಗಿದೆ. ಇಷ್ಟನ್ನೂ ನಡೆಯುತ್ತಲೇ ಹೇಳಿದೆ, ನನ್ನ ತೋಳಿಗೆ ಜೋತುಬಿದ್ದು ಜೊತೆಗೆ ಬರುತ್ತಿರುವ ನೇಮಣ್ಣನಿಗೂ, ಬಾಗಿಲ ಸಂದಿಯಿಂದ ನೋಡುತ್ತಿರುವ ನಿಮಗೂ. ಅವನಿಗೆ ಎಲ್ಲ ಗೊತ್ತು, ಊರಿನ ರೀತಿ ನಿಮಗೂ ಗೊತ್ತು, ಆದರೂ ಮತ್ತೆ ಹೇಳಿದೆ, ಬಾಯಿ ಸುಮ್ಮನಿದ್ದರೆ ಹೆದರಿಕೆಯಾಗುತ್ತದೆ. ಕೆಳಗಿನಿಂದ ತಂಪು ಗಾಳಿ ಬರುತ್ತಿದೆ. ನಡೆಯುತ್ತಾ ನಡೆಯುತ್ತಾ ಹೊಳೆದದ್ದನ್ನೂ ಹೇಳಿದೆ. ಅವತ್ತು ಬಾಗಿಲ ಮೇಲೆ ಸರಿಯಾಗಿ ಬರೆಸಿದ್ದರೆ ಸಾಕಾಗಿತ್ತು. ಧವಳಾ ಎಂದು ಬರೆದು, ದವಳಾ ಎಂದು ಕರೆಯುತ್ತಾ ಇದ್ದಿದ್ದರೆ ಅದು ನೂರು ಸಲ ಕೂಗಿದರೂ ಮಗು ತನ್ನನ್ನೆಂದು ತಿಳಿಯುತ್ತಿರಲಿಲ್ಲ. ತಪ್ಪು ನಮ್ಮ ಬಾಯಲ್ಲೇ ಇತ್ತು, ಬೇಕಾದಷ್ಟಿತ್ತು. ಜೀವಮಾನವೆಲ್ಲ ಕಾಗುಣಿತ ತಿದ್ದಿದವಳು ಸರಿಯಾಗಿ ಬರೆಸಬೇಕಾದ ಒಂದೇ ಒಂದು ಹೆಸರನ್ನು ತಪ್ಪಾಗಿ ಬರೆಸಿದೆ.

"ಇನ್ನೂ ಹೊತ್ತು ಮೀರಿಲ್ಲ ಕಣೋ" ಎಂದೆ ನೇಮಣ್ಣನಿಗೆ. "ಇನ್ನೊಂದ್ಸಲ ಕರೆಯುತ್ತೋ ಇಲ್ವೋ ಯಾರಿಗ್ಗೊತ್ತು. ಕರೆದ್ರೆ ಧ ಅಂತಾನೇ ಕರೆಯುತ್ತೆ, ಅದಕ್ಕೀಗ ಬರುತ್ತೆ. ನೀವು ದ ಅನ್ನಿ. ಮೊದ್ಲು ಹೆಂಗಿತ್ತೋ ಹಂಗೆ ಅನ್ನಿ. ನಾನು ಕಲಿಸಿದ್ದನ್ನ ಮರೆಸಿಬಿಡ್ರಪ್ಪ."

ಅವನು ಅಳುತ್ತಾ ತೋಳು ಬಿಟ್ಟು, ಹಿಂದಕ್ಕೆ ಓಡುತ್ತಾ, ಬಾಗಿಲಲ್ಲಿದ್ದ ಕನಕನಿಗೆ ಕೂಗಿ ಹೇಳಿದ. ಅವಳಿಗೆ ಅರ್ಥವಾಯಿತು. "ದವಳಾ!" ಎಂದು ಕರೆದಳು, ಹಳೆಯ ದನಿಯಲ್ಲಿ, ಹಿಟ್ಟು ಅಲ್ಲಾಡದ ಹಾಗೆ. "ದವಳಾ, ಒಳಗ್ ಬಾರೇ!"

ನನ್ನ ಕಾಲುಗಳು ಇಳಿಯುತ್ತಲೇ ಇದ್ದವು. ತಿರುಗಿ ನೋಡಲಾಗಲಿಲ್ಲ, ಕಿವಿ ಮಾತ್ರ ಹಿಂದೆಯೇ ಇತ್ತು. ಓ ಎನ್ನು ಕೂಸೇ, ಅಮ್ಮನಿಗೆ ಓ ಎನ್ನು ಎಂದುಕೊಂಡೆ.

"ದವಳಾ ಅಲ್ಲಮ್ಮ" ಎಂದಿತು ಮಗು. "ಧವಳಾ."